ಹುಣಸೆಮರಕ್ಕೆ ಏರಿದ ಕ್ಯಾಬಿನ್ನು

ಎಲ್ಲಕ್ಕೂ ಮೂಲ ಒಂದು ಬೋಲ್ಟು. ಹೆಬ್ಬೆರಳಿನ ಗಾತ್ರದ, ತುಕ್ಕು ತಿಂದ ಒಂದು ಬೋಲ್ಟು. ಅದು ಮಿಕ್ಕ ಬೋಲ್ಟುಗಳ ಹಾಗೆ ಮರ್ಯಾದೆಯಿಂದ ಬಿಚ್ಚಿಕೊಂಡು ಬಂದಿದ್ದರೆ ಗೊರವನಕೊಪ್ಪಲಿನ ಕಾಂತರಾಜು ಆ ಭಾನುವಾರ ಮಧ್ಯಾಹ್ನ ತನ್ನ ಮನೆಯಲ್ಲಿ ಕೂತು ಮುದ್ದೆ, ಅವರೆಕಾಳು ಸಾರು ಉಣ್ಣುತ್ತಿದ್ದ. ಬರಲಿಲ್ಲ. ಹಾಗಾಗಿ ಅವನು ಹುಣಸೆಮರದಲ್ಲಿ ನೇತಾಡುತ್ತಿದ್ದ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಊರಿನವರು ಇವತ್ತಿಗೂ ನಗುತ್ತಾರೆ, ಅದು ಬೇರೆ ಮಾತು.

ಆ ಬೋಲ್ಟು ಇದ್ದದ್ದು ಅವನಪ್ಪ ಸಿದ್ದಮಲ್ಲಪ್ಪನವರ ಡಾಡ್ಜ್ ಪಿಕಪ್ಪಿನಲ್ಲಿ. ಕೊಡಗಿನ ಕಾಫಿ ತೋಟದ ಸಾಹುಕಾರರೊಬ್ಬರು ತೋಟ ಮಾರಿ ಹೊರಟಾಗ ಸಿದ್ದಮಲ್ಲಪ್ಪನವರು ಅದನ್ನು ಕೊಂಡು ತಂದು, ಕೈಕಾಲು ಗಟ್ಟಿ ಇರುವವರೆಗೂ ಪಿರಿಯಾಪಟ್ಟಣದ ಹರಾಜಿಗೆ ಅದರಲ್ಲೇ ಹೊಗೆಸೊಪ್ಪಿನ ಬೇಲು ಸಾಗಿಸಿದರು. ಮುಂದಿನ ಸೀಟಿನಲ್ಲಿ ಅಪ್ಪ, ನಡುವೆ ಕಾಂತರಾಜು, ಕಿಟಕಿಯ ಪಕ್ಕ ಅಣ್ಣ ಲಿಂಗರಾಜು. ಅಪ್ಪ ಗೇರು ಹಾಕಿದಾಗಲೆಲ್ಲ ಗೇರಿನ ಕೋಲು ನಡುವೆ ಕೂತವನ ಮೊಣಕಾಲಿಗೆ ಬಡಿಯುತ್ತಿತ್ತು. ಐವತ್ತು ದಾಟಿದರೂ ಕಾಂತರಾಜುವಿಗೆ ಆ ಏಟಿನ ಸುಖ ಮರೆತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಗಾಡಿ ಹಿತ್ತಿಲ ಹುಣಸೆಮರದ ಕೆಳಗೆ ನಿಂತದ್ದು ನಿಂತೇಬಿಟ್ಟಿತು. ಕೋಳಿಗಳು ಅದರೊಳಗೆ ಮೊಟ್ಟೆ ಇಟ್ಟವು. ಅದನ್ನು ಹೊಸದರ ಹಾಗೆ ಮಾಡಿ, ಅಪ್ಪ ಹೋಗುತ್ತಿದ್ದ ದಾರಿಯಲ್ಲಿ ಒಂದು ಸಲವಾದರೂ ಓಡಿಸಬೇಕು, ಅಷ್ಟೇ ಅವನ ಆಸೆ. ಮಿಕ್ಕ ಆಸೆಗಳನ್ನೆಲ್ಲ ಹೆಂಡತಿ ಸುನಂದಮ್ಮ ಒಂದೊಂದಾಗಿ ಬಿಡಿಸಿದ್ದಳು. ಇದೊಂದು ಉಳಿದಿತ್ತು.

ಗಾಡಿ ಅವನ ಮನೆಯಲ್ಲಿ ಉಳಿದದ್ದೂ ಒಂದು ರಗಳೆಯೇ. ಅಣ್ಣತಮ್ಮಂದಿರು ಬೇರೆಯಾದ ದಿನ ಊರ ಯಜಮಾನರಾದ ಚಲುವಯ್ಯನವರು ಇದೇ ಮರದ ಕೆಳಗೆ ಜಮಖಾನ ಹಾಸಿಕೊಂಡು ಕೂತು ಪಾಲು ಮಾಡಿದರು. ಹೊಲ ಎರಡಾಯಿತು. ಎತ್ತಿನ ಜೋಡಿ ಎರಡಾಯಿತು. ಹಂಡೆ ಒಬ್ಬನಿಗೆ, ಕೊಪ್ಪರಿಗೆ ಒಬ್ಬನಿಗೆ ಆಯಿತು. ಡಾಡ್ಜಿನ ಸರದಿ ಬಂದಾಗ ಚಲುವಯ್ಯನವರು ಎದ್ದು ಹೋಗಿ ಅದರ ಸುತ್ತ ಒಂದು ಸುತ್ತು ಬಂದರು.

“ಇಬ್ರೂವೆ ಬೇಕು ಅಂತೀರಿ. ಇದ ಎಂಗಪ್ಪಾ ಎಲ್ಡು ಮಾಡಾದು? ಎಲ್ಡು ಮಾಡಕಾಗ್ದಿರ ಸಾಮಾನು ಹಿರೀಮನೇಲೇ ಇರ್ಲಿ,” ಅಂದರು.

ಹಿರೀಮನೆ ಅಂದರೆ ಅಪ್ಪನ ಮನೆ. ಅದು ಚಿಕ್ಕವನಾದ ಕಾಂತರಾಜುವಿನ ಪಾಲಿಗೆ ಬಂದಿತ್ತು. ಅದೇ ತೀರ್ಮಾನದ ಮೇಲೆ ಗಂಡನನ್ನು ಕಳೆದುಕೊಂಡು ತವರಿನಲ್ಲಿದ್ದ ಸೋದರತ್ತೆ ಚಿಕ್ಕಬಸಮ್ಮನೂ ಅಲ್ಲೇ ಉಳಿದಳು. ಲಿಂಗರಾಜು ಹಿತ್ತಿಲ ಆಚೆಗೆ ಹೊಸಮನೆ ಕಟ್ಟಿಕೊಂಡ. ಹೋಗುವಾಗ, ಎಂಥ ಭಾರವನ್ನಾದರೂ ಸರಪಳಿ ಜಗ್ಗಿ ಮೇಲೆತ್ತುವ ಅಪ್ಪನ ಚೈನ್ ಪುಲ್ಲಿಯನ್ನು ತನ್ನ ಪಾಲೆಂದು ಹೊತ್ತುಕೊಂಡು ಹೋದ. ಮಾತನ್ನೂ ಹೊತ್ತುಕೊಂಡೇ ಹೋದ. ಅಂದಿನಿಂದ ಇಬ್ಬರೂ ಏನಾದರೂ ಹೇಳಲೇಬೇಕಾಗಿ ಬಂದರೆ ಚಿಕ್ಕಬಸಮ್ಮನ ಮೂಲಕ. ಎದುರುಬದುರು ನಿಂತಿದ್ದರೂ “ಅತ್ತೆ, ಅವನ್ಗೆ ಯೋಳು” ಎಂದು ಶುರುಮಾಡಬೇಕು. ಅತ್ತೆ ಅದನ್ನು ಚಾಚೂ ತಪ್ಪದೆ ಇನ್ನೊಮ್ಮೆ ಹೇಳಬೇಕು. ಆಮೇಲೆಯೇ ಇನ್ನೊಬ್ಬನ ಕಿವಿಗೆ ಬಿದ್ದ ಲೆಕ್ಕ.

ಗಾಡಿಯ ತುಕ್ಕು ಹಿಡಿದ ಚಾಸಿಯನ್ನು, ಅಂದರೆ ಎಂಜಿನ್ನು ಚಕ್ರಗಳನ್ನು ಹೊತ್ತ ಅಡಿಯ ಚೌಕಟ್ಟನ್ನು, ಕೆರೆದು ಬಣ್ಣ ಬಳಿಯಬೇಕಾದರೆ ಮೇಲಿನ ಕ್ಯಾಬಿನ್ನು ಏಳಲೇಬೇಕು ಎಂದು ಹುಣಸೂರಿನ ಮೆಕ್ಯಾನಿಕ್ಕು ಹೇಳಿದ್ದ. ಫೋನಿನಲ್ಲಿ ಯಾರೋ ಒಬ್ಬ ಬಿಳಿಯ ಇಂಥದ್ದೇ ಗಾಡಿಯ ಕ್ಯಾಬಿನ್ನನ್ನು ಹೂವಿನ ಬುಟ್ಟಿಯ ಹಾಗೆ ಎತ್ತಿ ಪಕ್ಕಕ್ಕಿಡುವುದನ್ನು ಕಾಂತರಾಜು ದಿನಾ ರಾತ್ರಿ ನೋಡಿ ಮಲಗುತ್ತಿದ್ದ. ಬಾನೆಟ್ಟು ಬಿಚ್ಚಿಯಾಗಿತ್ತು. ಟೈರಿಗೆ ಗಾಳಿ ತುಂಬಿಸಿಯಾಗಿತ್ತು. ಸ್ಟೇರಿಂಗ್ ಚಕ್ರವನ್ನು ಕಿತ್ತು ಸೀಟಿನ ಮೇಲೆ ಇಟ್ಟಾಗಿತ್ತು. ಬಾಗಿಲು ತೆಗೆಯುವ ಒಳಗಿನ ಹಿಡಿಗಳನ್ನೂ ಗಾಜು ಇಳಿಸುವ ಹಿಡಿಗಳನ್ನೂ ಪಾಲಿಶ್ ಮಾಡಿಸಲು ಮೈಸೂರಿಗೆ ಕಳಿಸಿಯಾಗಿತ್ತು. ಕಿಟಕಿಯ ಗಾಜುಗಳು ಬೆರಳಷ್ಟು ಸಂದಿ ಬಿಟ್ಟು ಏರಿದ್ದಲ್ಲೇ ಉಳಿದಿದ್ದವು. ಇಲ್ಲದ್ದು ಚೈನ್ ಪುಲ್ಲಿ ಒಂದೇ.

“ನಿಮ್ಮಣ್ಣನ್ನ ಕೇಳಿ,” ಅಂದಳು ಸುನಂದಮ್ಮ.

“ನನ್ ಹೆಣ ಎತ್ತಾಕೂ ಅವನ ಪುಲ್ಲಿ ಬ್ಯಾಡ.”

ಕೊನೆಗೆ ಪುಲ್ಲಿಯನ್ನು ತಂದವನು ಪಕ್ಕದ ಮನೆಯ ಸಿದ್ದರಾಜು. ಲೈನ್‌ಮನ್ ಆಗಿದ್ದು ರಿಟೈರಾದವನು. ಕಂಬ ಹತ್ತುವ ಕೆಲಸ ಹೋದಮೇಲೆ ಊರವರ ಕೆಲಸಕ್ಕೆಲ್ಲ ತಾನೇ ಕಂಬವಾಗಿ ನಿಲ್ಲುತ್ತಿದ್ದ. ಭಾನುವಾರ ಬೆಳಿಗ್ಗೆ ಗೋಣಿಚೀಲದಿಂದ ಗ್ರೀಸು ಮೆತ್ತಿದ ಕರಿ ಪುಲ್ಲಿಯನ್ನು ತೆಗೆದು ಮರದ ಕೊಂಬೆಗೆ ತಾನೇ ಹತ್ತಿ ಕಟ್ಟಿದ.

“ಎಲ್ಲಿಂದ ತಂದ್ಯೋ?” ಅಂದ ಕಾಂತರಾಜು.

“ತಂದಿದ್ದೀನಲ್ಲ, ಎತ್ತೋ ಕೆಲ್ಸ ನೋಡು. ಎಲ್ಲಿಂದ ಅಂತ ಕಟ್ಕೊಂಡ್ ನಿಂಗೇನಾಗ್ಬೇಕು?”

ಚಿಕ್ಕಬಸಮ್ಮ ಸುಮ್ಮನಿರಲಿಲ್ಲ. ಸಿದ್ದಮಲ್ಲಪ್ಪ ಕೂತ ಜಾಗ, ಹಾಗೆಲ್ಲ ಕೀಳಬಾರದು ಎಂದು ಗಾಡಿಗೆ ಅರಿಸಿನ ಕುಂಕುಮ ಇಟ್ಟು, ಕಾಯಿ ಒಡೆಸಿ, ಊರ ಯಜಮಾನರನ್ನೂ ಕರೆಸಿದಳು. ಯಜಮಾನರು ಬಂದಮೇಲೆ ಊರು ಹಿಂದೆ ಉಳಿಯುತ್ತದೆಯೇ? ಹಿತ್ತಿಲು ತುಂಬಿತು. ಕ್ಯಾಬಿನ್ನಿನ ಅಡಿಗೆ ಎರಡು ತೊಲೆ ತೂರಿಸಿ, ನಾಲ್ಕು ತುದಿಗೂ ಹಗ್ಗ ಬಿಗಿದು, ಹಗ್ಗಗಳನ್ನು ಪುಲ್ಲಿಯ ಕೊಕ್ಕೆಗೆ ಸಿಕ್ಕಿಸಿದರು. ಜೈ ಎಂದು ಜಗ್ಗಿದರು. ಕ್ಯಾಬಿನ್ನಿನ ಎಡಗಡೆ ಎದ್ದಿತು. ಬಲಗಡೆ ಏಳಲಿಲ್ಲ.

ಆಗ ಕಾಂತರಾಜುವಿಗೆ ನೆನಪಾಯಿತು. ಸ್ಟೇರಿಂಗಿನ ಕಂಬವನ್ನು ಡ್ಯಾಶ್‌ಬೋರ್ಡಿಗೆ ಹಿಡಿದಿದ್ದ ಒಂದು ಬೋಲ್ಟು ಒಳಗೆ ಉಳಿದುಹೋಗಿತ್ತು. ಸ್ಪ್ಯಾನರ್ ಹಿಡಿದು, ಬಾಗಿಲು ತೆರೆದು ಒಳಗೆ ನುಗ್ಗಿದ. ಹಿಂದೆಯೇ ಸಿದ್ದರಾಜು ಬಾಗಿಲು ಮುಚ್ಚಿ, ಅದು ತೆರೆದುಕೊಂಡರೆ ಕ್ಯಾಬಿನ್ನು ತಿರುಚಿಕೊಳ್ಳುತ್ತದೆಂದು ಸುತ್ತಲೂ ಹಗ್ಗ ಸುತ್ತಿ ಗಂಟು ಹಾಕಿದ. ಜಾಗ್ರತೆಯ ಮನುಷ್ಯ.

ಬೋಲ್ಟು ಅಲುಗಲಿಲ್ಲ. ಕಾಂತರಾಜು ಸ್ಪ್ಯಾನರಿಗೆ ಜೋತುಬಿದ್ದ. ಆಗಲೂ ಅಲುಗಲಿಲ್ಲ.

“ವಸಿ ಎತ್ರಪ್ಪಾ, ಬಿಗಿ ಸಡ್ಲ ಆಗ್ಲಿ!” ಎಂದು ಒಳಗಿನಿಂದ ಕೂಗಿದ.

ಎತ್ತಿದರು. ಇನ್ನೂ ಎತ್ತಿದರು. ಹಗ್ಗಗಳು ಬಿಗಿದು ನರಳಿದವು. ಬೋಲ್ಟು ಕೊನೆಗೂ ಬಿಡಲಿಲ್ಲ, ಮುರಿಯಿತು. ತೋಟಾ ಹಾರಿಸಿದಂಥ ಸದ್ದಾಯಿತು. ಕ್ಯಾಬಿನ್ನು ಬಿಡುಗಡೆಯಾಗಿ ನೆಗೆಯಿತು. ಜನ ಹೋ ಎಂದರು. ಎದ್ದಿತಲ್ಲ ಎಂಬ ಹುಮ್ಮಸ್ಸಿನಲ್ಲಿ ಜಗ್ಗುವವರ ಕೈ ನಿಲ್ಲಲಿಲ್ಲ, ಒಳಗಿನ ಕೂಗು ಆ ಜೈಕಾರದಲ್ಲಿ ಯಾರಿಗೂ ಕೇಳಲಿಲ್ಲ. ಗಾಡಿಯ ಯಜಮಾನ ಗಾಡಿಯೊಳಗೇ ಇದ್ದಾನೆಂದು ಅವರಿಗೆ ಹೊಳೆಯುವ ಹೊತ್ತಿಗೆ ಕ್ಯಾಬಿನ್ನು ಕೊಟ್ಟಿಗೆಯ ಸೂರಿನ ಎತ್ತರಕ್ಕೆ ಹೋಗಿತ್ತು. ಇಳಿಸೋಣವೆಂದು ಸರಪಳಿಯನ್ನು ಹಿಂದಕ್ಕೆ ಎಳೆದರು. ಪುಲ್ಲಿ ಕಟಕ್ ಎಂದಿತು. ಆಮೇಲೆ ಅದು ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ.

ಊಟಕ್ಕೆ ಕರೆಯಲು ಬಂದ ಸುನಂದಮ್ಮ ಸುತ್ತ ನೋಡಿದಳು, ಆಮೇಲೆ ಮೇಲೆ ನೋಡಿದಳು. ಗೇರಿನ ಕೋಲು ಬರುವ ಜಾಗದಲ್ಲಿ ಕ್ಯಾಬಿನ್ನಿನ ತಳದಲ್ಲೊಂದು ತೂತಿತ್ತು. ಅದರ ತುಂಬ ಅವಳ ಗಂಡನ ಮುಖವಿತ್ತು. ಆ ತೂತು ಮುಖಕ್ಕೆ ಸಾಕಾಗುತ್ತಿತ್ತು, ಹೊಟ್ಟೆಗೆ ಸಾಲುತ್ತಿರಲಿಲ್ಲ.

“ಇದೇನ್ರೀ ಇದು?”

“ಸುಮ್ಕಿರು. ಕೆಲ್ಸ ನಡೀತಾ ಅದೆ,” ಅಂದಿತು ಮುಖ.

ಇನ್ನು ಸಲಹೆಗಳು ಬಂದವು. ಜೆಸಿಬಿ ತರಿಸಿ ಅಂದರು ಒಬ್ಬರು. ಅದು ಚುಂಚನಕಟ್ಟೆಯ ಕಡೆ ನಾಲೆ ಕೆಲಸಕ್ಕೆ ಹೋಗಿತ್ತು. ಕಾಕನಕೋಟೆಯ ಕಡೆಯಿಂದ ಒಂದಾನೆ ಸಿಕ್ಕಿದರೆ ಸೊಂಡಿಲಿನಲ್ಲಿ ಹಿಡಿದು ಇಳಿಸುತ್ತೆ ಎಂದರು ಇನ್ನೊಬ್ಬರು. ಅದಕ್ಕೆ ಯಾರನ್ನು ಕೇಳಬೇಕು ಎಂಬುದರ ಮೇಲೆ ಸ್ವಲ್ಪ ಹೊತ್ತು ಚರ್ಚೆ ನಡೆಯಿತು.

“ಕೊಂಬೆ ಕಡುದ್ಬುಟ್ರೆ ಸೀದಾ ಇಳ್ದು ಬತ್ತನೆ,” ಅಂದ ಸಿದ್ದರಾಜು.

“ಬತ್ತನೆ, ಬತ್ತನೆ. ಬಂದೋನ್ನ ಬಾಚ್ಕೋಬೇಕಾಯ್ತದೆ,” ಅಂದಳು ಚಿಕ್ಕಬಸಮ್ಮ.

“ಅಂಗಾರೆ ಮುಂದ್ಲ ಗಾಜು ಒಡ್ದು ಈಚೆಗೆ ಎಳೆಯಾವ,” ಎಂದು ಸಿದ್ದರಾಜು ಏಣಿಗೆ ಕೈ ಹಾಕಿದ.

“ಗಾಜು ಮುಟ್ಟುದ್ರೆ ನಿನ್ ಕೈ ಮುರೀತೀನಿ ಕಣ್ಲಾ!” ಕಾಂತರಾಜು ಮೇಲಿನಿಂದ ಅರಚಿದ. ಅಂಥ ಗಾಜು ಈಗ ಯಾವ ಊರಿನಲ್ಲೂ ಸಿಗುವುದಿಲ್ಲ. ಅದರ ಹಿಂದೆ ಕೂತು ಅಪ್ಪ ರಸ್ತೆ ನೋಡುತ್ತಿದ್ದರು. ತಾನು ಮರದಲ್ಲೇ ಮುದುಕನಾದರೂ ಸರಿ, ಅದಕ್ಕೊಂದು ಗೀರು ಬೀಳಬಾರದು.

ಮಾತು ದೊಡ್ಡದು. ಹೊಟ್ಟೆ ಹಾಗೆ ಹೇಳುತ್ತಿರಲಿಲ್ಲ. ಸುನಂದಮ್ಮ ಹೊಗೆಸೊಪ್ಪು ಪೋಣಿಸುವ ಎರಡು ಕಡ್ಡಿಗಳನ್ನು ಸೇರಿಸಿ ಕಟ್ಟಿ, ತುದಿಗೆ ಮಜ್ಜಿಗೆಯ ತೂಗುಚೊಂಬು ನೇತುಹಾಕಿ ತೂತಿನ ಹತ್ತಿರಕ್ಕೆ ಚಾಚಿದಳು. ಹಿಡಿಯಲೆಂದು ಕಾಂತರಾಜು ಒಂದು ಪಕ್ಕಕ್ಕೆ ವಾಲಿದ. ಕ್ಯಾಬಿನ್ನೂ ಅವನ ಜೊತೆ ವಾಲಿತು. ಮಜ್ಜಿಗೆ ಕೆಳಗೆ ನಿಂತು ಪರಿಸ್ಥಿತಿ ಪರಿಶೀಲಿಸುತ್ತಿದ್ದ ಚಲುವಯ್ಯನವರ ನೆತ್ತಿಯ ಮೇಲೆ ಬಿತ್ತು. ಕರಿಬೇವಿನ ಒಂದು ಎಸಳು ಅವರ ಕಿವಿಯ ಮೇಲೆ ನಿಂತಿತು. ಅವರು ಅದನ್ನು ತೆಗೆಯಲಿಲ್ಲ. ಯಜಮಾನಿಕೆಯ ಹೊತ್ತಿನಲ್ಲಿ ಅಂಥದ್ದನ್ನೆಲ್ಲ ಗಮನಿಸುವ ಹಾಗಿಲ್ಲ.

ಆಗ ಕೊಂಬೆ ಕಿರ್ರ್ ಎಂದಿತು.

ಕಾಂತರಾಜು ತೂತಿನಿಂದ ಕೆಳಗೆ ನೋಡಿದ. ಚಾಸಿ ಬೆತ್ತಲೆಯಾಗಿ ಬಾಯಿ ತೆರೆದುಕೊಂಡು ಮಲಗಿತ್ತು. ಈ ಕ್ಯಾಬಿನ್ನು ಅದರ ಮೇಲೆ ಬಿದ್ದರೆ ಮೇಲಿನದೂ ಹೋಯಿತು, ಕೆಳಗಿನದೂ ಹೋಯಿತು. ಅಪ್ಪನದೆಂದು ಹೇಳಿಕೊಳ್ಳಲು ಇನ್ನೇನೂ ಉಳಿಯುವುದಿಲ್ಲ. ತಾನೂ ಅದರೊಳಗೇ ಇರುವ ವಿಷಯ ಅವನಿಗೆ ಆಮೇಲೆ ನೆನಪಾಯಿತು. ಅವನಿಗೆ ನಿಜವಾಗಿ ಭಯವಾಯಿತು.

“ಸಿದ್ದರಾಜು, ಪುಲ್ಲಿ ಕೊಟ್ಟೋನ್ನಾದ್ರೂ ಕರ್ಕೊಂಬಾ ಮಾರಾಯ. ಅವನ್ಗೆ ಗೊತ್ತಿರ್ತದೆ.”

ಸಿದ್ದರಾಜು ಕಾಲ ಹೆಬ್ಬೆರಳಿನಿಂದ ನೆಲ ಕೆರೆದ. “ಅದು ನಿಮ್ಮಣ್ಣಂದೇ ಕಣಪ್ಪ.”

ಮುಖ ತೂತಿನಿಂದ ಮಾಯವಾಯಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಂತು. “ಏನ್ಕೆ ಅಂತ ಕೇಳ್ದ್ನಾ?”

“ಕೇಳ್ದ. ಕ್ಯಾಬಿನ್ ಎತ್ತಕೆ ಅಂದೆ. ಅದ್ಕಾ, ತಕ್ಕೊಂಡೋಗು, ಸಂದಾಗಿ ಮ್ಯಾಕ್ಕೆ ಎತ್ತಿ ಅಂದ.”

ಕಾಂತರಾಜುವಿಗೆ ಎಲ್ಲ ನೆನಪಾಯಿತು. ತೀರಾ ಮೇಲಕ್ಕೆ ಜಗ್ಗಿದರೆ ಈ ಪುಲ್ಲಿ ಹೀಗೇ ಕಚ್ಚಿಕೊಳ್ಳುತ್ತಿತ್ತು. ಅಪ್ಪ ಆಗ ಲಿಂಗರಾಜುವನ್ನು ಕೂಗುತ್ತಿದ್ದರು. ಅದಕ್ಕೆ ಎಲ್ಲಿ ಹೊಡೆದರೆ ಬಿಡುತ್ತದೆಂಬುದು ಅವನೊಬ್ಬನಿಗೇ ಗೊತ್ತು. ಚಿಕ್ಕವನು ಕೈ ಚಾಚಿದರೆ ಬೆರಳು ಸಿಕ್ಕಿಕೊಳ್ಳುತ್ತದೆಂದು ಬೈಸಿಕೊಳ್ಳುತ್ತಿದ್ದ. ಕೊಂಬೆ ಇನ್ನೊಮ್ಮೆ ಕಿರ್ರ್ ಎಂದಿತು.

“ಅತ್ತೆ,” ಅಂದ ಕಾಂತರಾಜು, ಸಣ್ಣ ದನಿಯಲ್ಲಿ. “ಅವನ್ಗೆ ಯೋಳು, ಬಾ ಅಂತ.”

ಲಿಂಗರಾಜು ಬಹಳ ಹೊತ್ತು ಮಾಡಲಿಲ್ಲ. ಹೇಳಿಕಳಿಸುವುದನ್ನೇ ಕಾಯುತ್ತಿದ್ದವನ ಹಾಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಟ್ರ್ಯಾಕ್ಟರಿನ ಮೇಲೆ ಬಂದ. ಇಳಿದ. ಮರ ನೋಡಿದ, ಪುಲ್ಲಿ ನೋಡಿದ, ಚಾಸಿಯನ್ನು ಬಹಳ ಹೊತ್ತು ನೋಡಿದ. ತಮ್ಮನನ್ನು ನೋಡಲಿಲ್ಲ.

“ಅತ್ತೆ, ಅವನ್ಗೆ ಯೋಳು. ಪುಲ್ಲಿ ಬುಡುಸ್ತೀನಿ. ಆದ್ರೆ ಕ್ಯಾಬಿನ್ನು ವಾರೆ ಆಗ್ಯದೆ. ಇಳುಸುದ್ರೆ ಚಾಸಿಗೆ ಬಡ್ದು ಎಲ್ಡೂ ಜಖಂ ಆಯ್ತವೆ. ಚಾಸೀನ ಮೊದ್ಲು ಅತ್ಲಾಗೆ ಎಳೀಬೇಕು.”

ಚಿಕ್ಕಬಸಮ್ಮ ಕತ್ತು ಹಿಂದಕ್ಕೆ ಬಗ್ಗಿಸಿ ತೂತಿಗೆ ಅದನ್ನೆಲ್ಲ ಹೇಳಿದಳು.

“ಎಳ್ಕೊಳ್ಲಿ ಅಂತ ಯೋಳತ್ತೆ.”

“ಎಳ್ಕೊ ಅಂತೆ ಕಣ್ಲಾ ಲಿಂಗ.”

“ಯಜಮಾನ್ರ ಮುಂದೆ ಅನ್ನು ಅಂತ ಯೋಳತ್ತೆ. ನಾಳೀಕೆ ನನ್ ಕೇಳ್ದೇನೆ ಮುಟ್ದ ಅನ್ನಾಂಗಿಲ್ಲ.”

ಕೊಂಬೆ ಮತ್ತೆ ಸದ್ದು ಮಾಡಿತು.

“ಯಜಮಾನ್ರೇ!” ಕಾಂತರಾಜು ಅತ್ತೆಯನ್ನು ಕಾಯಲಿಲ್ಲ. “ನೀವೇ ಸಾಕ್ಷಿ! ಎಳ್ಕೊಂಡೋಗ್ಲಿ! ಬ್ಯಾಗ ಎಳ್ಕೊಂಡೋಗ್ಲಿ!”

ಚಲುವಯ್ಯನವರು ಆಗಲಿ ಎಂದು ತಲೆಯಾಡಿಸಿದರು. ಲಿಂಗರಾಜು ಚಾಸಿಗೆ ಸರಪಳಿ ಹಾಕಿ ಟ್ರ್ಯಾಕ್ಟರು ಹತ್ತಿದ. ಕಾಂತರಾಜು ಮೇಲಿನಿಂದ ನೋಡಿದ. ತನ್ನ ಅಡಿಯಿಂದ ಎಂಜಿನ್ನು ಸರಿಯಿತು, ಗೇರಿನ ಕೋಲು ಸರಿಯಿತು, ಹಿಂದಿನ ತೊಟ್ಟಿ ಸರಿಯಿತು. ಟ್ರ್ಯಾಕ್ಟರು ಹುಣಸೆಮರ ದಾಟಿತು. ಹಿತ್ತಿಲನ್ನೂ ದಾಟಿತು. ತಿರುಗಿಸಲು ಜಾಗ ಬೇಕಾಗಿರಬಹುದು ಅಂದುಕೊಂಡ. ಅದು ಹೊಸಮನೆಯ ಶೆಡ್ಡಿನೊಳಗೆ ಹೋಗಿ ನಿಂತಿತು. ನೆರಳಲ್ಲಿ ನಿಲ್ಲಿಸಿದ್ದಾನೆ, ಒಳ್ಳೆಯದೇ ಅಂದುಕೊಂಡ. ಮರದ ಮೇಲೆ ನೇತಾಡುವವನಿಗೆ ಎಲ್ಲರೂ ಒಳ್ಳೆಯವರಾಗಿಯೇ ಕಾಣುತ್ತಾರೆ.

ಲಿಂಗರಾಜು ಹಿಂದಕ್ಕೆ ಬಂದು, ನೆಲಕ್ಕೆ ಹುಲ್ಲಿನ ಹೊರೆಗಳನ್ನು ಹಾಕಿಸಿ, ಕೈಯಲ್ಲೊಂದು ಗುಂಡುಕಲ್ಲು ಹಿಡಿದು ಏಣಿ ಹತ್ತಿದ. ಮೇಲೆ ಬರುತ್ತಾ ಅವನ ಮುಖ ಮುಂದಿನ ಗಾಜಿಗೆ ಎದುರಾಯಿತು. ಗಾಜಿನ ಈಚೆ ತಮ್ಮ, ಆಚೆ ಅಣ್ಣ. ಲಿಂಗರಾಜುವಿನ ಹುಬ್ಬು ನರೆತಿತ್ತು. ಅದು ಯಾವಾಗ ನರೆಯಿತೋ, ಕಾಂತರಾಜು ನೋಡಿರಲಿಲ್ಲ.

“ತಲೆ ತಗ್ಗುಸ್ಕೊಂಡ್ ಕುಂತ್ಕೊ,” ಅಂದ ಲಿಂಗರಾಜು. “ಏಟಾದೀತು.”

ಅತ್ತೆ ನಡುವೆ ಇರಲಿಲ್ಲ. ಮಾತು ನೇರ ಬಂದಿತ್ತು. ಅವನು ಚಿಕ್ಕ ಹುಡುಗನ ಹಾಗೆ ತಲೆ ತಗ್ಗಿಸಿ, ಸ್ಟೇರಿಂಗ್ ಚಕ್ರವನ್ನು ಎದೆಗೆ ಅವುಚಿಕೊಂಡು ಸೀಟಿನ ನಡುವೆ ಕೂತ. ಕಣ್ಣೀರು ಬಂತು. ಬರಲಿ ಎಂದು ಬಿಟ್ಟ. ಮೇಲೆ ಕಲ್ಲಿನ ಒಂದು ಏಟು ಕೇಳಿಸಿತು. ಪುಲ್ಲಿ ಸಡಿಲವಾಯಿತು. ಕ್ಯಾಬಿನ್ನು ಮೆಲ್ಲಗೆ ಇಳಿದು ಹುಲ್ಲಿನ ಮೇಲೆ ಕೂತಿತು.

ಹಗ್ಗ ಬಿಚ್ಚಿ ಬಾಗಿಲು ತೆಗೆದರು. ಕಾಂತರಾಜು ನೇರ ಅಣ್ಣನ ಹತ್ತಿರ ಹೋದ. ಗಾಡಿ ಮುಗಿದ ಮೇಲೆ ಇಬ್ಬರೂ ಕೂತು ಪಿರಿಯಾಪಟ್ಟಣಕ್ಕೆ ಹೋಗೋಣ, ಕಿಟಕಿಯ ಪಕ್ಕ ನೀನೇ ಕೂತ್ಕೊ ಎಂದು ಹೇಳಬೇಕೆಂದಿದ್ದ.

“ಅಣ್ಣಾ...”

ಲಿಂಗರಾಜು ಚಲುವಯ್ಯನವರ ಕಡೆ ತಿರುಗಿದ್ದ. “ಯಜಮಾನ್ರೆ, ಪಾಲಿನ ದಿನ ಈ ಗಾಡಿಗೆ ನೀವು ಏನಂದ್ರಿ?”

“ಎಲ್ಡು ಮಾಡಕಾಗ್ದಿರ ಸಾಮಾನು ಹಿರೀಮನೇಲೇ ಇರ್ಲಿ ಅಂದಿದ್ದೆ.”

“ಈಗ?”

ಚಲುವಯ್ಯನವರು ಹುಲ್ಲಿನ ಮೇಲಿನ ಕ್ಯಾಬಿನ್ನನ್ನು ನೋಡಿದರು. ಶೆಡ್ಡಿನಲ್ಲಿದ್ದ ಚಾಸಿಯನ್ನು ನೋಡಿದರು. ಕಿವಿಯ ಮೇಲಿನ ಕರಿಬೇವನ್ನು ಆಗ ತೆಗೆದು ಬಿಸಾಡಿದರು.

“ಈಗ ಎಲ್ಡಾಗ್ಯದೆ,” ಅಂದರು.

“ಅದು ಒಂದೇ ಗಾಡಿ ಯಜಮಾನ್ರೆ!” ಕಾಂತರಾಜು ಕೂಗಿದ. “ತಿರ್ಗ ಕೂಡುಸ್ತೀನಿ. ಕೂಡ್ಸಾಕೇ ಬಿಚ್ಚಿದ್ದು!”

“ನೋಡಪ್ಪಾ ಕಾಂತ. ನಾವ್ಯಾರೂ ಎಲ್ಡು ಮಾಡ್ನಿಲ್ಲ. ನೀನೇ ಮಾಡ್ದೆ. ಕಾಯಿ ಒಡ್ಸಿ, ನನ್ನೂ ಕರ್ಸಿ, ಊರೆಲ್ಲ ನಿಲ್ಲಿಸ್ಕೊಂಡು ಮಾಡ್ದೆ. ಎಳ್ಕೊಂಡೋಗ್ಲಿ ಅಂತ್ಲೂ ನೀನೇ ಅಂದೆ. ಮ್ಯಾಲಿಂದು ನಿಂದು, ಕೆಳಗಿಂದು ಅವಂದು. ನನ್ ಮಾತ ನಾನೇ ಮುರಿಯಕಾಯ್ತದಾ?”

ಜನ ತಲೆಯಾಡಿಸಿದರು. ನ್ಯಾಯ ಅಂದರೆ ನ್ಯಾಯ. “ಅಂಗೂ ತಿರ್ಗ ಕೂಡುಸ್ಬೇಕು ಅಂದ್ರೆ ಪುಲ್ಲಿ ಬೇಕಲ್ಲ,” ಎಂದು ಸಿದ್ದರಾಜು ನೆನಪಿಸಿದ. ಲಿಂಗರಾಜು ಆ ಹೊತ್ತಿಗೆ ಪುಲ್ಲಿಯನ್ನು ಬಿಚ್ಚಿ, ಹೆಗಲಿಗೆ ಹಾಕಿಕೊಂಡು ಹೊರಟಿದ್ದ.

ಸಂಜೆ ಹಿತ್ತಿಲು ಖಾಲಿಯಾದ ಮೇಲೆ ಕಾಂತರಾಜು ಕ್ಯಾಬಿನ್ನಿನೊಳಗೆ ಹೋಗಿ ಬಾಗಿಲು ಎಳೆದುಕೊಂಡು ಕೂತ. ತನ್ನ ಹಳೆಯ ಜಾಗದಲ್ಲಿ, ಸೀಟಿನ ನಡುವೆ. ಮೊಣಕಾಲಿಗೆ ಏನೂ ತಗುಲಲಿಲ್ಲ. ಆಚೆ ಶೆಡ್ಡಿನಲ್ಲಿ ಲಿಂಗರಾಜು ಚಾಸಿಯ ಮೇಲೆ ಒಂದು ಡಬ್ಬ ಬೋರಲು ಹಾಕಿಕೊಂಡು ಕೂತಿದ್ದ. ಎದುರಿಗೆ ಚಕ್ರವಿಲ್ಲದ ಸ್ಟೇರಿಂಗ್ ಕಂಬ. ಒಂದು ಕೈಯಲ್ಲಿ ಗೇರಿನ ಕೋಲನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತಿದ್ದ. ಆ ಸದ್ದು ಕೇಳಿದಾಗಲೆಲ್ಲ ಈಚೆ ಕಾಂತರಾಜುವಿನ ಮೊಣಕಾಲು ತಾನಾಗಿ ಸರಿದುಕೊಳ್ಳುತ್ತಿತ್ತು.

“ಅತ್ತೆ,” ಎಂದು ಅವನು ಗಾಜಿನ ಸಂದಿಯಿಂದ ಕರೆದ. “ಅವನ್ಗೆ ಯೋಳು. ಸೆಕೆಂಡ್ ಗೇರ್ಗೆ ವಸಿ ತನ್ ಕಡೀಕೆ ಎಳ್ದು ಹಾಕ್ಬೇಕು, ಅಪ್ಪ ಅಂಗೇ ಹಾಕ್ತಿದ್ದುದ್ದು.”

ಚಿಕ್ಕಬಸಮ್ಮ ಹಿತ್ತಿಲು ದಾಟಿ ಹೋಗಿ ಬಂದಳು. “ಗೊತ್ತು ಅಂದ. ಸ್ಟೇರಿಂಗ್ ಚಕ್ರ ಯಾವಾಗ ಕಳುಸ್ತನೆ ಕೇಳು ಅಂದ.”

ಕಾಂತರಾಜು ತೊಡೆಯ ಮೇಲಿದ್ದ ಚಕ್ರವನ್ನು ನೋಡಿದ. “ಮ್ಯಾಲಿನ ಪಾಲು ನಂದು ಅಂತ ಯೋಳು. ಬೇಕಿದ್ರೆ ಪುಲ್ಲಿ ತಕ್ಕೊಂಡು ಇಲ್ಲಿಗೇ ಬರ್ಲಿ.”

ಚಿಕ್ಕಬಸಮ್ಮ ಮತ್ತೆ ಹೋದಳು. ಈ ಸಲ ನಡುದಾರಿಯಲ್ಲೇ ನಿಂತಳು. ಆ ಕಡೆ ನೋಡಿದಳು, ಈ ಕಡೆ ನೋಡಿದಳು.

“ನನ್ನೂ ಎಲ್ಡು ಮಾಡ್ಬುಡಿ ಅತ್ಲಾಗೆ,” ಎಂದವಳು ಯಾವ ಕಡೆಗೂ ಹೋಗದೆ, ಸೆರಗು ಕೊಡವಿ ಊರೊಳಕ್ಕೆ ನಡೆದುಬಿಟ್ಟಳು.

ಕತ್ತಲು ಇಳಿಯುತ್ತಿತ್ತು. ಒಳಗೆ ಹೋಗೋಣವೆಂದು ಕಾಂತರಾಜು ಬಾಗಿಲಿಗೆ ಕೈ ಹಾಕಿದ. ಹಿಡಿ ಇರಲಿಲ್ಲ, ಅದು ಮೈಸೂರಿನಲ್ಲಿತ್ತು. ಸುನಂದಮ್ಮ ಒಳಗೆ ಟಿವಿ ಹಾಕಿಕೊಂಡಿದ್ದಳು. ಕರೆದರೆ ಕೇಳುವಷ್ಟು ಹತ್ತಿರ ಇದ್ದವನು ಅಣ್ಣ ಒಬ್ಬನೇ. ಕಾಂತರಾಜು ಚಕ್ರ ಹಿಡಿದುಕೊಂಡು, ಅತ್ತೆ ಬರಲಿ ಎಂದು ಕಾಯುತ್ತಾ ಕೂತ.